ನಮ್ಮ ಗೌರಿಗೆ ಒಗ್ಗಿದ ಹೃದಯ

ಶಿವಭಕ್ತ ಬಂಧುಗಳೇ, ನಮ್ಮ ಗೌರಿಯ ಹೃದಯ ಉಳಿಯಿತು. ಇಂದು ಬೆಳಿಗ್ಗೆ ಶಿವಮೊಗ್ಗದ ಡಾಕ್ಟರಮ್ಮ ಪರೀಕ್ಷೆಯ ಕಾಗದ ನೋಡಿ, "ಅಜ್ಜಿ, ಮೈ ಈಗ ಹೃದಯಾನ ದೂರ ತಳ್ತಾ ಇಲ್ಲ" ಎಂದರು. ಆ ಮಾತನ್ನು ಎರಡು ಸಲ ಹೇಳಿಸಿಕೊಂಡೆ.

ಗೌರಿ ನನ್ನ ಮಗನ ಮಗಳು. ವರ್ಷ ತುಂಬಿ ಎರಡು ತಿಂಗಳಾಯಿತು. ಹುಟ್ಟುವಾಗಲೇ ಅವಳ ಹೃದಯ ಸೋತಿತ್ತು. ಏಳನೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ತೀರಿಹೋದ ಬೇರೊಂದು ಮಗುವಿನ ಹೃದಯ ಜೋಡಿಸಿದರು. ಕೊಟ್ಟ ತಾಯಿ ಯಾರೋ, ದಿನಾ ಅವಳಿಗೂ ಕೈ ಮುಗಿಯುತ್ತೇನೆ. ಅಂಥ ಹೃದಯವನ್ನು ಮೈ ತನ್ನದಲ್ಲವೆಂದು ಹೊರದಬ್ಬಲು ನೋಡುತ್ತದಂತೆ. ಅದನ್ನು ತಡೆಯುವ ಔಷಧಿಯನ್ನು ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ತಪ್ಪದೆ ಕೊಡಬೇಕು. ಸೊಸೆ ಸುಮಾ ಏಳೂವರೆಗೇ ಶಂಕರಘಟ್ಟದ ಬಸ್ಸು ಹಿಡಿದು ಕೆಲಸಕ್ಕೆ ಹೋಗುವವಳು, ಬೆಳಗಿನದು ನನ್ನ ಪಾಲಿಗೆ.

ಮಗು ಭದ್ರಾವತಿಗೆ ಮರಳಿದ ಸಂತೋಷಕ್ಕೆ ನಾನು ಲಿಂಗಪೂಜೆಯನ್ನು ಉದ್ದ ಮಾಡಿದೆ. ಹಾಲು ಮೊದಲೇ ಕೊಡುತ್ತಿದ್ದೆ. ಔಷಧಿಯನ್ನು ಮಾತ್ರ ಲಿಂಗದ ಮುಂದಿಟ್ಟು, ಪೂಜೆ ಮುಗಿದ ಮೇಲೆ ಪ್ರಸಾದವೆಂದು ಕುಡಿಸುತ್ತಿದ್ದೆ. ಒಮ್ಮೊಮ್ಮೆ ಹತ್ತೂವರೆ ಆಗುತ್ತಿತ್ತು.

ದೀಪಾವಳಿ ಕಳೆದ ವಾರ ಮಗು ಹಾಲು ಬಿಟ್ಟಿತು, ಏದುಸಿರು ಬಂತು. ಸಿಕ್ಕಿದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಓಡಿದೆವು.

"ರಕ್ತದಲ್ಲಿ ಔಷಧಿ ಕಮ್ಮಿ ಇದೆ. ಸರಿಯಾಗಿ ಎಂಟಕ್ಕೇ ಕೊಡ್ತಿದೀರಾ ಅಜ್ಜಿ?" ಎಂದು ಡಾಕ್ಟರಮ್ಮ ಕೇಳಿದರು.

"ಹೂಂ" ಎಂದುಬಿಟ್ಟೆ. ಸುಮಾ ಪಕ್ಕದಲ್ಲೇ ನಿಂತಿದ್ದಳು.

ಹೊರಗೆ ಬೆಂಚಿನ ಮೇಲೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, "ಶಿವನೇ, ನನ್ನ ಉಸಿರು ತಗೋ, ಮಗೂನ ಉಳಿಸು" ಎಂದು ಬೇಡಿದೆ. ಬೇಡಿದಷ್ಟೂ ಒಂದೇ ತೋಚಿತು: ಎದ್ದು ಹೋಗಿ ನಿಜ ಹೇಳು. ಸೊಸೆಯ ಎದುರೇ ಹೇಳಿದೆ.

"ಈ ಔಷಧಿ ನಾಟ್ತಿಲ್ಲ ಅಂತ ಬದಲಾಯ್ಸೋಕೆ ಹೊರಟಿದ್ವಿ. ಹೇಳಿದ್ದು ಒಳ್ಳೇದಾಯ್ತು" ಎಂದ ಡಾಕ್ಟರಮ್ಮ ಬೆಂಗಳೂರಿಗೆ ಫೋನ್ ಮಾಡಿ ಮಾತಾಡಿದರು. ಮೂರು ದಿನ ಇಂಜೆಕ್ಷನ್ ನಡೆಯಿತು.

ನಮ್ಮ ಯಜಮಾನರು ಮಾತ್ರ ಬಿಡಲಿಲ್ಲ. "ಶಿವ ಪೂಜೆಗೆ ಕಾಯ್ತಾನೆ ಮಾರಾಯ್ತಿ, ಮಗು ಹೃದಯ ಔಷಧಿಗೆ ಕಾಯ್ತದೇನೇ?" ಎಂದರು. ಸುಮಾ ರಜೆ ಹಾಕಿ, ಔಷಧಿ, ಊಟ ಎಲ್ಲ ತಾನೇ ನೋಡಿಕೊಂಡಳು. ನನ್ನ ಕೈಗೆ ಏನನ್ನೂ ಬಿಡಲಿಲ್ಲ.

ಹೋದ ವಾರ ಬೆಂಗಳೂರಿನಲ್ಲಿ ಮತ್ತೆ ಪರೀಕ್ಷೆ ಮಾಡಿದ್ದರು. ಅದರ ಕಾಗದವೇ ಇಂದು ಬಂದದ್ದು. ಅಂದು ನನ್ನ ಬಾಯಿಂದ ನಿಜ ಹೊರಡಿಸಿದವನು ಶಿವನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಸಂಜೆ ಶಾವಿಗೆ ಪಾಯಸ ಮಾಡಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಗೌರಿ ತೆವಳಿಕೊಂಡು ಬಂದು ನನ್ನ ತಟ್ಟೆಗೆ ಕೈ ಹಾಕಿದಳು. ನಾನು ಸುಮಾಳ ಮುಖ ನೋಡಿದೆ.

"ತಿನ್ಸಿ ಅತ್ತೆ, ಹಸಿದಿದಾಳೆ" ಎಂದಳು.

ಅನ್ನ ಹಿಸುಕಿ ತಿನ್ನಿಸಿದೆ. ಮೂರು ತುತ್ತು ತಾನುಂಡು, ನಾಲ್ಕನೆಯದನ್ನು ಅಜ್ಜನ ಬಾಯಿಗೆ ತುರುಕಿದಳು.