ನಾಲ್ಕನೆಯ ಕವಲು

ಹ್ಯಾಲಿಫ್ಯಾಕ್ಸಿನ ಆಸ್ಪತ್ರೆಯೊಂದರಲ್ಲಿ ರೋಡಾ ಬುಟಿಲಿಯೆ ಇಪ್ಪತ್ತೆರಡು ವರ್ಷಗಳಿಂದ ಹೃದಯ-ಶ್ವಾಸಕೋಶ ಯಂತ್ರ ನಡೆಸುತ್ತಿದ್ದಳು. ಶಸ್ತ್ರಚಿಕಿತ್ಸೆಯಲ್ಲಿ ಎದೆಯೊಳಗಿನ ಹೃದಯವನ್ನು ನಿಲ್ಲಿಸಿದಾಗ ರೋಗಿಯ ರಕ್ತ ಹರಿಯುತ್ತಿದ್ದುದು ಅವಳ ಕೈಯಿಂದ. ಹಾಗೆಂದು ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ಅವಳೇ ತನಗೆ ಹೇಳಿಕೊಳ್ಳುತ್ತಿದ್ದಳು.

ಎರಡು ವರ್ಷದ ಹಿಂದೆ ಅದೇ ಕೆಲಸಕ್ಕೆ ರೇಮಿ ಕೊಮೋ ಬಂದ. ಅಂದಿನಿಂದ ಕಠಿಣ ಪ್ರಕರಣ ಬಂದಾಗಲೆಲ್ಲ ಶಸ್ತ್ರವೈದ್ಯ ಗಿಲ್ಲಿಸ್, "ರೇಮಿ ಇದ್ದಾನಾ?" ಎಂದೇ ಕೇಳುತ್ತಿದ್ದರು.

ಆ ಬೆಳಿಗ್ಗೆ ಕಡಲಲ್ಲಿ ಲಾಬ್‌ಸ್ಟರ್ ಹಿಡಿಯುವ ಬರ್ಟನ್ ಜಿಂಕ್‌ನನ್ನು ತಂದರು. ಹೃದಯದಿಂದ ಹೊರಡುವ ಮಹಾಧಮನಿಯ ಒಳಪದರ ಸೀಳಿತ್ತು. ಯಂತ್ರ ರೇಮಿಗೆ ಹೋಯಿತು, ರೋಡಾ ಪಕ್ಕದಲ್ಲಿ ಕುಳಿತಳು.

"ಎರಡನೇ ಕುರ್ಚಿ ಬೆಚ್ಚಗಿದೆಯಾ ರೋಡಾ?" ಅರಿವಳಿಕೆ ಕೊಡುವ ಪೆಟ್ರಾ ಕೆಣಕಿದಳು.

"ನಿನ್ನ ನಾಲಿಗೆಯಷ್ಟು ಬೆಚ್ಚಗಿಲ್ಲ ಬಿಡೇ."

ಪರದೆಯ ಮೇಲಿನ ಸ್ಕ್ಯಾನನ್ನು ಅವಳು ಹೊಟ್ಟೆಕಿಚ್ಚಿನಿಂದಲೇ ನೋಡಿದಳು. ತಪ್ಪು ಹುಡುಕುವ ಕಣ್ಣಿಗೆ ತಾಳ್ಮೆ ಹೆಚ್ಚು. ಮಹಾಧಮನಿಯ ಕಮಾನಿನಿಂದ ಮೂರು ಕವಲು ಹೊರಡುವುದು ರೂಢಿ. ಮೊದಲನೆಯದು ಬಲಗೈಗೂ ಮಿದುಳಿಗೂ ರಕ್ತ ಒಯ್ಯುತ್ತದೆ. ಬರ್ಟನ್‌ನಿಗೆ ನಾಲ್ಕಿದ್ದವು. ಬಲಗೈಯ ಕವಲು ಕಟ್ಟಕಡೆಯಲ್ಲಿ ಪ್ರತ್ಯೇಕವಾಗಿ ಹುಟ್ಟಿ, ಅನ್ನನಾಳದ ಹಿಂದಿನಿಂದ ಬಲಕ್ಕೆ ಸಾಗಿತ್ತು. ತುರ್ತಿನ ವರದಿಯಲ್ಲಿ ಸೀಳಿನ ಮಾತಷ್ಟೇ ಇತ್ತು.

"ಬಲಗಂಕುಳಿಂದ್ಲೇ ತಾನೇ ರಕ್ತ ಬಿಡೋದು?" ರೇಮಿ ಕೇಳಿದ.

"ಮತ್ತಿನ್ನೇನು? ಯಾವಾಗ್ಲೂ ಅಲ್ಲಿಂದ್ಲೇ," ಎಂದರು ಗಿಲ್ಲಿಸ್.

ಕಂಕುಳಲ್ಲಿ ಬಿಟ್ಟ ರಕ್ತ ರೂಢಿಯಂತೆ ಆ ಮೊದಲ ಕವಲಿನಿಂದ ಮಿದುಳಿಗೆ ಏರುತ್ತದೆ. ಇವನಿಗೆ ಹಾಗೆ ಮಾಡಿದರೆ, ಕಮಾನು ತೆರೆದ ಗಳಿಗೆಯಲ್ಲಿ ಮಿದುಳಿಗೆ ಹನಿಯೂ ಸೇರದು. ರೋಡಾ ಕವಲುಗಳನ್ನು ಮತ್ತೊಮ್ಮೆ ಎಣಿಸಿದಳು.

ಚರ್ಮ ಕೊಯ್ಯುವ ಮುನ್ನ ಎಲ್ಲರೂ ಕೈ ಕೆಲಸ ಬಿಟ್ಟು ನಿಲ್ಲುವುದು ಅಲ್ಲಿಯ ನಿಯಮ. "ಯಾರಿಗಾದ್ರೂ ಏನಾದ್ರೂ ಅನುಮಾನ ಇದೆಯಾ?" ಗಿಲ್ಲಿಸ್ ಕೇಳಿದರು. ಎರಡು ಉಸಿರಿನಷ್ಟು ಹೊತ್ತು ರೋಡಾ ಆ ತಪ್ಪನ್ನು ಕಲ್ಲುಸಕ್ಕರೆಯಂತೆ ಬಾಯೊಳಗೆ ಇಟ್ಟುಕೊಂಡಳು. ಆಮೇಲೆ ಬರ್ಟನ್‌ನ ಬಲಗೈ ಕಣ್ಣಿಗೆ ಬಿತ್ತು: ಹಗ್ಗ ಎಳೆದೆಳೆದು ಗಂಟುಗಟ್ಟಿದ ಬೆರಳುಗಳು.

"ನಿಲ್ಲಿ. ನಾಲ್ಕು ಕವಲಿವೆ. ಬಲಗೈಯಿಂದ ಮಿದುಳಿಗೆ ದಾರಿಯೇ ಇಲ್ಲ."

ಗಿಲ್ಲಿಸ್ ಪರದೆಯತ್ತ ಬಾಗಿ ಎಣಿಸಿದರು. ಯೋಜನೆ ಬದಲಾಯಿತು, ಕುತ್ತಿಗೆಯ ಎರಡೂ ಧಮನಿಗಳಿಗೆ ನೇರವಾಗಿ ರಕ್ತ ಹರಿಸಿದರು.

ಮರುದಿನ ಬರ್ಟನ್ ಕಣ್ಣು ತೆರೆದು, ಹೇಳಿದಂತೆ ಬೆರಳು ಮಡಚಿದ. ಗಿಲ್ಲಿಸ್ ಅಲ್ಲಿದ್ದವರಿಗೆಲ್ಲ, "ಯಂತ್ರದ ಹತ್ರ ನಮ್ಮ ರೇಮಿ ಇದ್ದ, ಬಚಾವಾದ್ವಿ," ಎಂದರು.

"ನಾನಲ್ಲ ಸರ್," ಎಂದ ರೇಮಿ. "ನಾನು ಸರಿಯಾಗಿ ಎಣಿಸ್ಲೇ ಇಲ್ಲ. ಇವನ್ನ ಉಳಿಸಿದ್ದು ರೋಡಾ ಅವ್ರು."

ಎಲ್ಲರೂ ಅವಳತ್ತ ತಿರುಗಿದರು. ಇಪ್ಪತ್ತೆರಡು ವರ್ಷ ಅವಳು ಕಾದಿದ್ದ ನೋಟ ಅದು. ಆದರೆ ಆ ಎರಡು ಉಸಿರಿನ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ರೇಮಿಯಾಗಿದ್ದರೆ ಒಂದು ಉಸಿರಿನಷ್ಟೂ ಕಾಯುತ್ತಿರಲಿಲ್ಲ. ರೋಡಾಳಿಗೆ ಅವನ ಮೇಲೆ ಹಿಂದೆಂದಿಗಿಂತ ಹೆಚ್ಚು ಹೊಟ್ಟೆಯುರಿಯಿತು.