ಭೂಮಿಯ ಓದಿಗಾಗಿ ತೀರ್ಥಹಳ್ಳಿಗೆ

ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ಮಗಳು ರಮ್ಯಾ ಫೋನು ಹಿಡಿದು ಹಿತ್ತಿಲಿಗೆ ಓಡಿಬಂದಳು. ತೀರ್ಥಹಳ್ಳಿಯ ಕಾಲೇಜಿನಿಂದ ಕರೆ. ರಿಯಲ್ ಎಸ್ಟೇಟ್ ಕೋರ್ಸಿನಲ್ಲಿ ಸೀಟಿದೆ, ಹಿರಿಯರೊಂದಿಗೆ ನಾಳೆಯೇ ಬನ್ನಿ ಎಂದಿದ್ದರು.

ಇಲ್ಲೇ ಸಾಗರದಲ್ಲಿ, ಮನೆಗೆ ಹತ್ತಿರದಲ್ಲೇ, ಅಂಥದೇ ಓದಿನ ಇನ್ನೊಂದು ಕಾಲೇಜನ್ನು ಹಿಂದಿನ ವಾರ ನೋಡಿದ್ದೆವು. ಅವರು ಸೈಟು ಮಾರುವ ಜಾಣ್ಮೆಯನ್ನಷ್ಟೇ ಹೇಳಿದರು. ನಮ್ಮ ಯಜಮಾನರಿಗೆ ಎರಡೂ ಬೇಡ. "ಭೂಮಿ ಮಾರೋದು ಕಲಿಯೋಕೆ ಮಗಳನ್ನ ಕಳಿಸಲ್ಲ. ಅಣ್ಣ ಹೂಂ ಅಂದ್ರೆ ಮಾತ್ರ" ಎಂದುಬಿಟ್ಟರು.

ಅವರ ಅಣ್ಣ, ಅಂದರೆ ನಮ್ಮ ಭಾವ, ಹೊಸನಗರದಲ್ಲಿದ್ದಾರೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಅಪ್ಪನ ಹೆಗಲೇರಿ ಮನೆ ಬಿಟ್ಟವರು. ಬದಲಿಗೆ ಸಿಕ್ಕ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರವಿಲ್ಲ. ನಮ್ಮಲ್ಲಿ ಮಾತು ಕೊಡುವಾಗ ಎಲೆ ಅಡಿಕೆಯ ವೀಳ್ಯ ಇಡುವುದು ಪದ್ಧತಿ. ಭೂಮಿಯ ವಿಷಯಕ್ಕೆ ಭಾವ ಯಾವತ್ತೂ ವೀಳ್ಯ ಇಟ್ಟವರಲ್ಲ.

ದಾರಿಯಲ್ಲಿ ಜೊತೆಯಾಗಲು ಭಾವನಿಗೆ ಫೋನು ಮಾಡಿ, ಮರುದಿನ ಬೆಳಿಗ್ಗೆ ನಾನೂ ರಮ್ಯಾಳೂ ಹೊರಟೆವು. ಬಸ್ಸಿನಲ್ಲಿ ಉಚಿತ ಟಿಕೆಟ್ಟಿಗೆಂದು ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ನಕ್ಕ. "ಆಧಾರ್ ಒಳಗಿಡಿ ಅಕ್ಕಾ. ಫೋಟೋ ಎಷ್ಟು ಚೆನ್ನಾಗಿದ್ರೂ ಇದು ಪ್ರೈವೇಟ್ ಬಸ್ಸು." ಟಿಕೆಟ್ ತೆಗೆದುಕೊಂಡೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ಬಿಸಿಲೂ ಏರಿರಲಿಲ್ಲ. ಸಿಗಂದೂರಿನ ತಾಯಿಗೆ ಕೂತಲ್ಲಿಂದಲೇ ಕೈಮುಗಿದೆ.

ಹೊಸನಗರದಲ್ಲಿ ಭಾವ ಬಿಳಿ ಪಂಚೆ ಉಟ್ಟು ಕಾಯುತ್ತಿದ್ದರು. ಹತ್ತಿದವರೇ ರಮ್ಯಾಳನ್ನು ಕೆಣಕಿದರು.

"ಬ್ರೋಕರ್ ಆಗ್ತೀಯೇನೇ?"

"ಅಲ್ಲ ದೊಡ್ಡಪ್ಪಾ. ಭೂಮಿ ಕಾಗದ ಓದೋದು ಕಲೀತೀನಿ."

"ನಮ್ಮತ್ರ ಇಲ್ಲದ ಕಾಗದಾನ ಎಂತ ಓದ್ತೀಯ?"

ರಮ್ಯಾ ಸರಿದು ದೊಡ್ಡಪ್ಪನಿಗೆ ಪಕ್ಕದಲ್ಲಿ ಜಾಗ ಕೊಟ್ಟಳು.

ತೀರ್ಥಹಳ್ಳಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿಂದೆವು. ಭಾವ ಬರೀ ಚಾ ಕುಡಿದರು. ಕಾಲೇಜಿನಲ್ಲಿ ನಮ್ಮನ್ನು ಕೂರಿಸಿ ಮಾತಾಡಿದವರು ಚಿಕ್ಕ ವಯಸ್ಸಿನ ಮೇಡಂ. ಹಾಸ್ಟೆಲ್, ಊಟ ಎಲ್ಲ ವಿವರಿಸಿದರು. ಭಾವ ಕೇಳಿದ್ದು ಒಂದೇ.

"ನಮ್ಮ ಭೂಮೀನ ಯಾರೂ ಕೊಳ್ಳಲಿಲ್ಲ, ನಾವೂ ಮಾರಲಿಲ್ಲ. ನೀರು ಬಂತು, ನಾವು ಎದ್ದು ಬಂದ್ವಿ. ಅಂಥದ್ದು ನಿಮ್ಮ ಪಾಠದಾಗೆ ಉಂಟಾ?"

ಮೇಡಂ ಪಾಠದ ಪಟ್ಟಿ ತೆರೆದು ನೋಡಿದರು. "ದಾಖಲೆ ಓದೋದು ಮೊದಲ್ನೇ ವರ್ಷವೇ ಇದೆ. ಮುಳುಗಡೆಯವರದ್ದು ಇಲ್ಲ ಅಜ್ಜಾ. ನಂಗೂ ಗೊತ್ತಿಲ್ಲ. ಇವಳು ಪ್ರಾಜೆಕ್ಟಿಗೆ ಅದನ್ನೇ ತಗೊಂಡ್ರೆ ಇಬ್ರೂ ಕಲೀತೀವಿ."

ಭಾವ ಸೊಂಟದ ಸಂಚಿ ಬಿಚ್ಚಿ, ಎರಡು ಎಲೆ, ಒಂದು ಅಡಿಕೆ ತೆಗೆದು ಮೇಜಿನ ಮೇಲಿಟ್ಟರು.

"ಅಯ್ಯೋ, ನಾನು ಎಲೆ ಹಾಕಲ್ಲ ಅಜ್ಜಾ."

"ಹಾಕ್ಕೊಳ್ಳೋಕಲ್ಲ ಮಗಾ. ಮಾತಿಗೆ."

ಮೇಡಂ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು. ರಮ್ಯಾ ದೊಡ್ಡಪ್ಪನ ಕಾಲಿಗೆ ಬಿದ್ದಳು. ನನಗೆ ಕಣ್ಣು ಮಂಜಾಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಭಾವ ಅಂದರು: "ಗೊತ್ತಿಲ್ಲ ಅಂತ ಹೇಳಿದವ್ರು ಇವ್ರೊಬ್ರೇ ಸರೋಜಾ. ಹಕ್ಕುಪತ್ರ ಕೇಳಿದ ಕಚೇರಿಯೋರೆಲ್ಲ ನಾಳೆ ಬನ್ನಿ ಅಂದ್ರು." ಹೊಸನಗರದಲ್ಲಿ ಇಳಿದವರು ಬಸ್ಸು ತಿರುಗುವ ತನಕ ಅಲ್ಲೇ ನಿಂತಿದ್ದರು.

ಮನೆ ಮುಟ್ಟಿದಾಗ ಯಜಮಾನರು ಜಗಲಿಯಲ್ಲೇ ಇದ್ದರು.

"ಅಣ್ಣ ಎಂತ ಅಂದ?"

"ವೀಳ್ಯ ಇಟ್ರು."

"ಅಣ್ಣನಾ?" ಎಂದರು. ಆಮೇಲೆ ಅಂಗಳ ನೋಡುತ್ತಲೇ ಕೇಳಿದರು: "ಹಾಸ್ಟೆಲ್ಲಿಗೆ ಹಾಸಿಗೆ ನಾವೇ ಒಯ್ಯಬೇಕಾ?"

ಹೌದೆಂದೆ. ಅವರು ಅಟ್ಟ ಹತ್ತಿ ಹಾಸಿಗೆ ಇಳಿಸಿಕೊಟ್ಟರು. ದಿಂಬಿನ ಹೊಲಿಗೆ ಒಂದು ಕಡೆ ಬಿಟ್ಟುಹೋಗಿತ್ತು. ಸೂಜಿಗೆ ದಾರ ಪೋಣಿಸಿಕೊಂಡು ಬೆಳಕಿಗೆ ಕುಳಿತೆ.