ದೀರ್ಘವಿಲ್ಲದ ಬೇಳೆ

ಮರ್ಫಿ ಊರಿನ ರಾಜಗೋಪಾಲರು ಮೊಸರಿನಲ್ಲಿ ಕಲ್ಲು ಹುಡುಕುವವರು ಎಂದು ಡಾಲಸ್ ಕಡೆಯ ಕನ್ನಡಿಗರೆಲ್ಲ ಹೇಳುತ್ತಿದ್ದರು. ಸುಳ್ಳಲ್ಲ. ಕಲ್ಲು ಸಿಕ್ಕಿದ ಮೇಲೆ ಅವರು ಮೊಸರನ್ನೇ ಚೆಲ್ಲಿಬಿಡುತ್ತಿದ್ದರೆಂಬುದು ಮಾತ್ರ ಮನೆಯವರಿಗಷ್ಟೇ ಗೊತ್ತಿತ್ತು.

ಪ್ಲೇನೋದ ಕಂಪನಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಅವರ ಕೆಲಸವಾಗಿತ್ತು. ಮನೆಗೆ ಬಂದರೂ ಆ ಕಣ್ಣಿಗೆ ರಜೆಯಿರಲಿಲ್ಲ. ಹೆಂಡತಿ ನಾಗಮಣಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಬರೆಯಲು ಕಲಿತದ್ದೇ ಮದುವೆಯಾದ ಮೇಲೆ, ಗಂಡನಿಗೆ ಇಷ್ಟವೆಂದು. ಅವಳು ಬರೆದ ಸಾಮಾನಿನ ಚೀಟಿಯನ್ನೂ ಈ ಮಹಾರಾಯರು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು.

ಒಮ್ಮೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಅವಳು ಹೆಸರು ಬರೆದು ಅಂಟಿಸಿದಳು. ಒಂದರ ಮೇಲೆ ‘ತೊಗರಿ ಬೆಳೆ’ ಎಂದಿತ್ತು.

“ಬೆಳೆ ಹೊಲದಲ್ಲಿರತ್ತೆ. ಡಬ್ಬೀಲಿರೋದು ಬೇಳೆ. ದೀರ್ಘ ಎಲ್ಲಿ?” ಎಂದರು ರಾಜಗೋಪಾಲರು.

“ಬೇಯೋಕೆ ದೀರ್ಘ ಬೇಕೇನ್ರೀ ಅದಕ್ಕೆ?” ಎಂದು ಅವಳು ನಕ್ಕಳು.

ಅವರು ನಗಲಿಲ್ಲ. ಆ ಶನಿವಾರವೇ ಕೂತು, ಎಲ್ಲ ಡಬ್ಬಿಗೂ ಅಚ್ಚಾದ ಲೇಬಲ್ ಮಾಡಿದರು. ಅವಳ ಚೀಟಿಗಳನ್ನು ಕಿತ್ತು ಕಸಕ್ಕೆ ಹಾಕಿದರು. ಬೇಳೆಯದೊಂದು ಕಿತ್ತು ಬರಲಿಲ್ಲ. ಅದರ ಮೇಲೆಯೇ ತಮ್ಮದನ್ನು ಅಂಟಿಸಿ, ಗಾಳಿಗುಳ್ಳೆ ನಿಲ್ಲದಂತೆ ಉಗುರಿನಿಂದ ತೀಡಿದರು. ಅಲ್ಲಿಂದಾಚೆ ನಾಗಮಣಿ ಕನ್ನಡದಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಸಾಮಾನಿನ ಪಟ್ಟಿ ಫೋನಿನಲ್ಲಿ ಇಂಗ್ಲಿಷಿನಲ್ಲಿ ಬರತೊಡಗಿತು. ತಪ್ಪಿಲ್ಲದ ಪಟ್ಟಿ ನೋಡಿ ರಾಜಗೋಪಾಲರಿಗೆ ಸಮಾಧಾನವೇ ಆಗಿತ್ತು.

ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ವರ್ಷಾಬ್ದಿಕಕ್ಕೆ ಹದಿನೈದು ದಿನವಿರುವಾಗ ರೌಂಡ್ ರಾಕ್‌ನಿಂದ ಮಗಳು ಗಾರ್ಗಿ ಫೋನ್ ಮಾಡಿದಳು.

“ಅಪ್ಪಾ, ಅಮ್ಮನ ಕನ್ನಡ ಹ್ಯಾಂಡ್‌ರೈಟಿಂಗ್ ಬೇಕು. ಕೈ ಮೇಲೆ ಟ್ಯಾಟೂ ಹಾಕಿಸ್ಕೋತೀನಿ. ಒಂದು ವರ್ಡ್ ಸಾಕು. ತಪ್ಪಿದ್ರೂ ಪರ್ವಾಗಿಲ್ಲ, ನೀವು ತಿದ್ದಬೇಡಿ.”

ಎರಡು ದಿನ ಹುಡುಕಿದರು. ಬೀರು, ಸೂಟ್‌ಕೇಸು, ದೇವರ ಪುಸ್ತಕಗಳ ಹಾಳೆ ಸಂದು, ಎಲ್ಲೂ ಇಲ್ಲ. ತಿದ್ದಿದ ಚೀಟಿಗಳನ್ನು ಅಂದಂದೇ ಬಿಸಾಡಿದವರು ಅವರೇ; ಬೇಡದ ಕಾಗದ ಮನೆಯಲ್ಲಿದ್ದರೆ ಅವರಿಗೆ ಆಗುತ್ತಿರಲಿಲ್ಲ. ಕೊನೆಗೆ ಬೇಳೆ ಡಬ್ಬಿ ನೆನಪಾಯಿತು.

ಬಿಸಿನೀರಿನ ಬಟ್ಟೆಯಿಟ್ಟು ಗಂಟೆಗಟ್ಟಲೆ ಕಾದರು. ಉಗುರಿನಿಂದ ಅಂಚು ಎಬ್ಬಿಸಿದರು. ಅಚ್ಚುಕಟ್ಟಾಗಿ ಅಂಟಿಸಿದ ಲೇಬಲ್ಲು, ಸುಮ್ಮನೆ ಬರುತ್ತದೆಯೇ? ಬರುವಾಗ ಕೆಳಗಿನ ಕಾಗದವನ್ನೂ ಕಿತ್ತುಕೊಂಡು ಬಂತು. ಲೇಬಲ್ಲಿನ ಹಿಂಬದಿ ನೋಡಿದರೆ ಶಾಯಿಯೆಲ್ಲ ಅಂಟಿನಲ್ಲಿ ಕಲಸಿಹೋಗಿತ್ತು. ರಾಜಗೋಪಾಲರು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತರು. ಡಬ್ಬಿಯ ಮೇಲೆ ಒಂದೇ ಅಕ್ಷರ ಉಳಿದಿತ್ತು.

ಅದರ ಫೋಟೋ ಕಳಿಸಿದರು. ಗಾರ್ಗಿ ಕೂಡಲೇ ಫೋನ್ ಮಾಡಿದಳು.

“ಇಷ್ಟೇನಾ ಅಪ್ಪಾ?”

“ಇಷ್ಟೇ ಕಣಮ್ಮ. ನಾನು ಉಳಿಸಿದ್ದು ಇಷ್ಟೇ.”

ಅವಳು ಕೇಳಿದಳು: “ಇದು ‘ಬೆ’ನಾ ‘ಬೇ’ನಾ? ಯಾವ್ದು ಕರೆಕ್ಟು?”

“ಅಮ್ಮ ಬರೆದಿರೋದೇ ಕರೆಕ್ಟು” ಎಂದರು ರಾಜಗೋಪಾಲರು. ಆ ಮಾತು ಕೇಳಬೇಕಾದವಳು ಹೋಗಿ ಆಗಲೇ ವರ್ಷವಾಗುತ್ತ ಬಂದಿತ್ತು.